ಆರ್ಮ್‌ಬಾರ್‌ನಲ್ಲಿ ಕೈ ಜಾರೋದು ಎಲ್ಲಿ?

[ದೃಶ್ಯ: ಮ್ಯಾಟ್ ಮೇಲೆ ಇಬ್ಬರು. ಆರ್ಮ್‌ಬಾರ್ ಹಾಕಿ ಆಗಿದೆ. ಕೆಳಗಿರುವವರ ಮೊಣಕೈ ನಿಧಾನಕ್ಕೆ ನೆಲಕ್ಕೆ ಜಾರಿ, ಆಚೆ ಬರುತ್ತದೆ.]

ನೋಡಿದ್ರಲ್ಲ? ಆರ್ಮ್‌ಬಾರ್ ಅಂದ್ರೆ ಎದುರಾಳಿಯ ತೋಳನ್ನ ತೊಡೆಗಳ ನಡುವೆ ಸಿಕ್ಕಿಸಿ, ಮೊಣಕೈ ಉಲ್ಟಾ ಬಾಗೋ ಹಾಗೆ ಒತ್ತೋ ಹಿಡಿತ. ಎರಡೂ ಕಾಲು ಎದುರಾಳಿ ಮೇಲಿವೆ, ಮಣಿಕಟ್ಟನ್ನ ಎರಡೂ ಕೈಯಲ್ಲಿ ಹಿಡಿದಾಗಿದೆ, ಆದ್ರೂ ತಪ್ಪಿಸಿಕೊಂಡ್ರು. ಹೀಗಾದಾಗ ಹೆಚ್ಚಿನವರು ಮುಂದಿನ ಸಲ ಇನ್ನೂ ಜೋರಾಗಿ ಎಳೀತಾರೆ. ಎಳೆತ ಕಮ್ಮಿಯಾಗಿರಲಿಲ್ಲ. ನಿಮ್ಮ ಸೊಂಟಕ್ಕೂ ಅವರ ಭುಜಕ್ಕೂ ನಡುವೆ ಒಂದು ಗೇಣು ಸಂದು ಇತ್ತು. ಇವತ್ತು ಮಾತಾಡೋದು ಆ ಸಂದಿನ ಬಗ್ಗೆ.

[ದೃಶ್ಯ: ತೋಳಿನ ಮೂಳೆಗಳ ಸರಳ ಚಿತ್ರ. ಮೊಣಕೈ ಕೆಳಗೆ ಕೆಂಪು ಚುಕ್ಕಿ.]

ಹಾರೆ ಹಾಕಿ ಬಂಡೆ ಮೀಟುವಾಗ ಹಾರೆ ಕೆಳಗೆ ಒಂದು ಕಲ್ಲು ಕೊಡ್ತೀವಲ್ಲ, ಇಲ್ಲಿ ಹಾರೆ ಅವರ ತೋಳು, ಆ ಕಲ್ಲು ನಿಮ್ಮ ಸೊಂಟ. ಒಂದು ತುದಿ ಅವರ ಭುಜ, ಅದು ಅಲ್ಲಾಡಬಾರದು. ಇನ್ನೊಂದು ತುದಿ ಮಣಿಕಟ್ಟು, ಅದು ನಿಮ್ಮ ಎದೆ ಮೇಲೆ. ಕಲ್ಲು ಇರಬೇಕಾದ್ದು ಮೊಣಕೈಯಿಂದ ಎರಡು ಬೆರಳಷ್ಟು ಭುಜದ ಕಡೆಗೆ. ಅಂದ್ರೆ ಅವರ ಮೊಣಕೈ ನಿಮ್ಮ ಸೊಂಟದ ಗೆರೆ ದಾಟಿ ಹೊಟ್ಟೆ ಕಡೆ ಬಂದಿರಬೇಕು. ನೀವು ದೂರ ಕೂತರೆ ಮೊಣಕೈ ತೊಡೆಗಳ ನಡುವೆ ಇಳಿಯುತ್ತೆ, ನಿಮ್ಮ ಸೊಂಟ ತಾಗೋದು ಮುಂದೋಳಿಗೆ. ಆಗ ಎಷ್ಟು ಎತ್ತಿದ್ರೂ ಕೀಲಿಗೆ ಒತ್ತಡ ಸರಿಯಾಗಿ ಬೀಳಲ್ಲ.

ಹಾಗಂತ ಮುಂದೋಳಿಗೆ ಅಪಾಯ ಇಲ್ಲ ಅನ್ಕೋಬೇಡಿ. 2004ರ ಜೂನ್‌ನಲ್ಲಿ ಯುಎಫ್‌ಸಿ 48 ಅನ್ನೋ ಮಿಶ್ರ ಸಮರ ಕಲೆ ಸ್ಪರ್ಧೆಯಲ್ಲಿ ಫ್ರಾಂಕ್ ಮಿರ್ ಹಾಕಿದ ಆರ್ಮ್‌ಬಾರ್‌ಗೆ ಟಿಮ್ ಸಿಲ್ವಿಯಾ ಅವರ ಮುಂದೋಳಿನ ಮೂಳೆಯೇ ಮುರೀತು. ಪಂದ್ಯ ಶುರುವಾಗಿ ಐವತ್ತು ಸೆಕೆಂಡ್ ಆಗಿತ್ತು ಅಷ್ಟೇ. ರೆಫರಿ ಹರ್ಬ್ ಡೀನ್ ನಿಲ್ಲಿಸಿದಾಗ ಸಿಲ್ವಿಯಾ ಇನ್ನೂ ‘ಏನೂ ಆಗಿಲ್ಲ’ ಅಂತ ವಾದಿಸ್ತಿದ್ರು. ಟ್ಯಾಪ್ ಮಾಡೋಕೆ, ಅಂದ್ರೆ ಕೈ ತಟ್ಟಿ ಸೋಲೊಪ್ಪೋಕೆ, ನೋವು ಬರೋವರೆಗೂ ಕಾಯೋರು ಈ ಪಂದ್ಯ ಒಮ್ಮೆ ಹುಡುಕಿ ನೋಡಿ.

[ದೃಶ್ಯ: ಮೇಲಿನಿಂದ ಕ್ಯಾಮೆರಾ. ಇಬ್ಬರ ದೇಹ ಅಡ್ಡಡ್ಡ.]

ಜೂಡೋದಲ್ಲಿ ಇದಕ್ಕೆ ಜೂಜಿ ಗಟಾಮೆ ಅಂತಾರೆ. ಜೂಜಿ ಅಂದ್ರೆ ಜಪಾನಿ ಲಿಪಿಯ ಹತ್ತರ ಅಕ್ಷರ, ನೋಡೋಕೆ ನಮ್ಮ ಕೂಡಿಸೋ ಗುರುತಿನ ಥರ. ಹೆಸರಲ್ಲೇ ಕೋನ ಇದೆ: ನಿಮ್ಮ ದೇಹ ಅವರ ದೇಹಕ್ಕೆ ಅಡ್ಡ.

ಮೌಂಟ್‌ನಿಂದ, ಅಂದ್ರೆ ಎದುರಾಳಿ ಮೈ ಮೇಲೆ ಕೂತಲ್ಲಿಂದ, ಬರುವಾಗ ಕೋನ ಸಿಗುತ್ತೆ, ಸಂದು ಕೂಡ ಅಲ್ಲೇ ಹುಟ್ಟುತ್ತೆ. ಯಾಕೆ? ಹಿಂದಕ್ಕೆ ಧೊಪ್ಪನೆ ಬೀಳ್ತೀವಿ. ಬೀಳುವಾಗ ಸೊಂಟ ಹಿಂದೆ ಹಾರುತ್ತೆ. ಹಾಗೆ ಬೀಳಬೇಡಿ, ಕೂತ್ಕೊಳ್ಳಿ. ಹಿಮ್ಮಡಿಗೆ ಅಂಡು ತಾಗೋ ಹಾಗೆ ನೇರ ಕೆಳಗೆ, ಅವರ ಭುಜಕ್ಕೆ ಒತ್ತಿ. ಕೂತ ಮೇಲೂ ಬೆನ್ನು ನೆಲಕ್ಕೆ ಹಾಕೋ ಆತುರ ಬೇಡ. ಮೊದಲು ಮೊಣಕಾಲು ಎರಡೂ ಒಳಕ್ಕೆ ಹಿಸುಕಿ, ತೊಡೆಗಳ ನಡುವೆ ಅವರ ತೋಳು ಬಿಗಿಯಾಗಲಿ. ಆಮೇಲೆ ಹಿಮ್ಮಡಿಗಳನ್ನ ನಿಮ್ಮ ಕಡೆಗೆ ಎಳೀರಿ, ನೆಲ ಗೀರೋ ಹಾಗೆ. ಹಿಮ್ಮಡಿ ಎಳೆದಷ್ಟೂ ಭುಜ ಹತ್ತಿರ ಬರುತ್ತೆ.

ಪಾದ ಪಾದ ಹೆಣೆಯೋದು? ಹೆಣೆದರೆ ಬಹಳ ಜನರ ಮೊಣಕಾಲು ಬಿಚ್ಚಿಕೊಳ್ಳುತ್ತೆ. ಹೆಣೆದೂ ಮೊಣಕಾಲು ಬಿಗಿ ಇಡೋಕೆ ಬಂದ್ರೆ ಹೆಣೀರಿ, ಇಲ್ಲಾಂದ್ರೆ ಬೇಡ.

[ದೃಶ್ಯ: ಹತ್ತಿರದಿಂದ ಮಣಿಕಟ್ಟು, ಹೆಬ್ಬೆರಳು, ಮೊಣಕೈ ತುದಿ.]

‘ಹೆಬ್ಬೆರಳು ಮೇಲಕ್ಕೆ’ ಅಂತ ಎಲ್ಲ ಕೋಚ್‌ಗಳೂ ಹೇಳ್ತಾರೆ. ಸರಿಯೇ, ಆದ್ರೆ ಅರ್ಧ ಮಾತು. ಮೊಣಕೈ ಒಂದೇ ಕಡೆ ನಿಲ್ಲಿಸಿ ನಿಮ್ಮ ಅಂಗೈನ ಮೇಲೆ ಕೆಳಗೆ ತಿರುಗಿಸಿ ನೋಡಿ. ಹೆಬ್ಬೆರಳು ಸುತ್ತಾಡುತ್ತೆ, ಮೊಣಕೈ ತುದಿ ಇದ್ದಲ್ಲೇ ಇರುತ್ತೆ. ಹಾಗಾಗಿ ನೋಡಬೇಕಾದ್ದು ಮೊಣಕೈ ತುದಿ. ಅದು ನಿಮ್ಮ ಸೊಂಟದ ಮೂಳೆಗೆ ನೇರ ತಿರುಗಿರಬೇಕು. ಪಕ್ಕಕ್ಕೆ ತಿರುಗಿದ್ರೆ ಮಣಿಕಟ್ಟನ್ನ ಅವರ ಕಿರುಬೆರಳ ಕಡೆಗೆ ಒಯ್ಯಿರಿ, ಸಾಲಿಗೆ ಬರುತ್ತೆ.

ಈಗ ಅವರು ಎರಡೂ ಕೈ ಬೆಸೆದು ಬಿಟ್ರು ಅಂದ್ಕೊಳ್ಳಿ. ಮಣಿಕಟ್ಟು ಹಿಡಿದು ಹಗ್ಗ ಜಗ್ಗೋ ಹಾಗೆ ಜಗ್ಗಿದ್ರೆ ನಿಮ್ಮ ಬೆರಳು ಮೊದಲು ಸೋಲುತ್ತೆ. ನಿಮ್ಮ ಮೊಣಕೈ ಮಡಿಕೆಯನ್ನ ಅವರ ಮಣಿಕಟ್ಟಿನ ಹತ್ತಿರ ಕೊಕ್ಕೆ ಹಾಕಿ. ಮೊಣಕೈ ಹತ್ತಿರ ಹಾಕಿದ್ರೆ ಹಾರೆಯನ್ನ ಬುಡದಲ್ಲಿ ಹಿಡಿದಂಗೆ. ಆ ಕೈಯಿಂದ ನಿಮ್ಮ ಎದುರು ಭುಜನೋ ಗೀ ಅಂಗಿಯ ಕಾಲರ್ರೋ ಹಿಡಿದು, ಇಡೀ ಮೈಯನ್ನ ಅವರ ತಲೆ ಕಡೆಗೆ ಓರೆಯಾಗಿ ವಾಲಿಸಿ. ಬಿಚ್ಚದಿದ್ರೆ ಕಾಲುಗಳ ಕಡೆಗೆ. ಅವರು ತಮ್ಮ ಇನ್ನೊಂದು ತೋಳಿನ ಬೈಸೆಪ್ಸ್ ಹಿಡಿದಿದ್ರೆ, ಆ ತೋಳಿನ ಮೇಲೆ ಪಾದ ಇಟ್ಟು ತಳ್ತಾ ಹಿಂದಕ್ಕೆ ಹೋಗಿ. ಇಷ್ಟರಲ್ಲಿ ಮೊಣಕಾಲು ಸಡಿಲ ಆಯ್ತಾ, ಒಮ್ಮೆ ನೋಡ್ಕೊಳ್ಳಿ. ಗ್ರಿಪ್ ಬಿಚ್ಚೋ ಗಡಿಬಿಡಿಯಲ್ಲಿ ಸಂದು ಮತ್ತೆ ಬಾಯಿ ಬಿಡುತ್ತೆ.

[ದೃಶ್ಯ: ಕ್ಲೋಸ್ಡ್ ಗಾರ್ಡ್. ಎದುರಾಳಿ ಮೇಲೆದ್ದು ಒತ್ತುತ್ತಾರೆ.]

ಗಾರ್ಡ್‌ನಿಂದ, ಅಂದ್ರೆ ಕೆಳಗೆ ಮಲಗಿ ಎದುರಾಳಿಯನ್ನ ಕಾಲುಗಳ ನಡುವೆ ಹಿಡಿದಲ್ಲಿಂದ, ಹಾಕುವಾಗ ಕಷ್ಟ ಬೇರೆ, ಅಲ್ಲಿ ಕೋನ ತಾನಾಗಿ ಸಿಗಲ್ಲ. ನೇರ ಮಲಗಿಯೇ ಕಾಲೆತ್ತಿದ್ರೆ ಅವರು ಭಾರ ಹಾಕಿ ನಿಮ್ಮನ್ನ ಕುತ್ತಿಗೆ ಮೇಲೆ ಮಡಚಿಬಿಡ್ತಾರೆ. ಹಿಡಿದ ಕೈಯ ಕಡೆಯ ಪಾದವನ್ನ ಅವರ ಸೊಂಟದ ಮೇಲಿಟ್ಟು ತಳ್ಳಿ, ಮೈ ಅಡ್ಡ ಬರೋವರೆಗೂ ತಿರುಗಿ. ಇನ್ನೊಂದು ಕಾಲು ಅವರ ಎದುರು ಕಂಕುಳಿಗೆ ಎತ್ತರಕ್ಕೆ ಹತ್ತಿ, ಬೆನ್ನನ್ನ ಕೆಳಕ್ಕೆ ಒತ್ತಲಿ. ಬೆನ್ನು ಬಾಗಿದ ಮೇಲೆಯೇ ಮೊದಲ ಕಾಲು ಮುಖದ ಮೇಲೆ. ಈ ಸರದಿ ತಪ್ಪಿದ್ರೆ ಅವರು ತಲೆ ಎತ್ತಿ ನಿಲ್ತಾರೆ.

ಎದುರಾಳಿ ತನ್ನ ಹೆಬ್ಬೆರಳನ್ನ ನೆಲಕ್ಕೆ ತಿರುಗಿಸಿ, ತಲೆ ಕಡೆಗೆ ಉರುಳಿ ತಪ್ಪಿಸಿಕೊಳ್ಳೋ ತಂತ್ರ ಇದೆಯಲ್ಲ, ಅದಕ್ಕೆ ಬಾಗಿಲು ಮುಖದ ಮೇಲಿನ ಕಾಲು. ಅದು ಹಗುರ ಆದ್ರೆ ಬಾಗಿಲು ತೆರೆದಂಗೆ. ಆ ಹಿಮ್ಮಡಿ ಸದಾ ಭಾರ ಇರಲಿ.

[ದೃಶ್ಯ: ಡ್ರಿಲ್. ಮೇಲಿರುವವರ ಕೈಗಳು ಗಾಳಿಯಲ್ಲಿ.]

ಅಭ್ಯಾಸಕ್ಕೆ ಒಂದೇ ಡ್ರಿಲ್ ಕೊಡ್ತೀವಿ. ಆರ್ಮ್‌ಬಾರ್ ಸ್ಥಿತಿಗೆ ಬನ್ನಿ, ನಿಮ್ಮ ಎರಡೂ ಕೈ ಬಿಟ್ಟುಬಿಡಿ. ಪಾರ್ಟ್ನರ್ ಮೂವತ್ತು ಸೆಕೆಂಡ್ ಮೊಣಕೈ ಎಳೆದುಕೊಳ್ಳೋಕೆ ನೋಡಲಿ, ಅರ್ಧ ಬಲದಲ್ಲಿ. ಸೊಂಟ, ತೊಡೆ, ಹಿಮ್ಮಡಿಯಲ್ಲೇ ತಡೀರಿ. ಪ್ರತಿ ಕಡೆ ಐದು ಸಲ. ಕೊನೆಗೆ ಕೈ ಹಾಕಿ, ಮೂರು ಎಣಿಸೋವಷ್ಟು ನಿಧಾನ ಸೊಂಟ ಎತ್ತಿ, ಟ್ಯಾಪ್ ಬಿದ್ದ ಕ್ಷಣ ಬಿಡಿ. ಕೈ ಜಾರಿದ್ರೆ ಅಲ್ಲೇ ನಿಲ್ಲಿಸಿ, ಸೊಂಟಕ್ಕೂ ಭುಜಕ್ಕೂ ನಡುವೆ ಅಂಗೈ ತೂರಿಸಿ ನೋಡಿ. ತೂರಿದ್ರೆ ಮುಂದಕ್ಕೆ ಜರುಗಿ ಮತ್ತೆ ಶುರು ಮಾಡಿ.