ಕೇಳಿದ್ದನ್ನು ಬರೆಯಿರಿ, ತಾರೀಖು ಹಾಕಿ

ಬೆಳಗಾವಿಯಲ್ಲಿ ಲೆಂಟ್ ಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಸಂಜೆ ಕೂಟದಲ್ಲಿ ನೀಡಿದ ಉಪನ್ಯಾಸ

ಸಭಾಪಾಲಕರೇ, ಸ್ತ್ರೀ ಸಮಾಜದ ಅಕ್ಕಂದಿರೇ, ಯುವಜನ ಕೂಟದ ತಮ್ಮಂದಿರೇ, ತಂಗಿಯರೇ, ಎಲ್ಲರಿಗೂ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು. ಪ್ರಾರ್ಥನೆಯಲ್ಲಿ ಕೇಳಿದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ ಎಂಬುದೇ ಈ ಸಂಜೆಯ ನನ್ನ ಮಾತು.

ನಮ್ಮ ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ದಿನಕ್ಕೊಂದಾದರೂ ಪ್ರಾರ್ಥನಾ ವಿನಂತಿ ಬರುತ್ತದೆ. ಒಬ್ಬರ ತಾಯಿಗೆ ಶಸ್ತ್ರಚಿಕಿತ್ಸೆ, ಇನ್ನೊಬ್ಬರ ಮಗನಿಗೆ ಪುಣೆಯಲ್ಲಿ ಕೆಲಸದ ಸಂದರ್ಶನ. ನಾವು ಕೈಜೋಡಿಸಿದ ಚಿತ್ರ ಹಾಕುತ್ತೇವೆ, ‘ಆಮೆನ್’ ಎನ್ನುತ್ತೇವೆ. ಮರುದಿನ ಬೆಳಿಗ್ಗೆ ಶುಭೋದಯದ ಗುಲಾಬಿ ಹೂಗಳು ಸಾಲಾಗಿ ಬಂದು ಆ ವಿನಂತಿ ಎಲ್ಲೋ ಮೇಲಕ್ಕೆ ಸರಿದುಹೋಗಿರುತ್ತದೆ. ಆ ತಾಯಿ ಹೇಗಿದ್ದಾರೆ? ಆ ಹುಡುಗನಿಗೆ ಕೆಲಸ ಸಿಕ್ಕಿತೇ? ಆಮೆನ್ ಎಂದ ನಮ್ಮಲ್ಲಿ ಎಷ್ಟು ಜನ ಮತ್ತೆ ವಿಚಾರಿಸಿದೆವು? ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ನಾವು ನಿಜವಾಗಿಯೇ ಬೇಡಿಕೊಂಡಿರುತ್ತೇವೆ. ಆದರೆ ಕೇಳಿದ್ದೇ ನೆನಪಿಲ್ಲದಿದ್ದರೆ, ಕೊಟ್ಟಾಗ ಸ್ತೋತ್ರ ಹೇಳುವುದು ಹೇಗೆ?

ಲೂಕನ ಸುವಾರ್ತೆಯ ಹತ್ತು ಕುಷ್ಠರೋಗಿಗಳ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಹತ್ತೂ ಜನ ಯೇಸುವನ್ನು ಕೂಗಿ ಕೇಳಿದರು, ಹತ್ತೂ ಜನ ಗುಣವಾದರು, ಸ್ತೋತ್ರ ಹೇಳಲು ತಿರುಗಿ ಬಂದವನು ಒಬ್ಬ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ಲೂಕನು ಎಲ್ಲಿಯೂ ಹೇಳುವುದಿಲ್ಲ. ಮನೆಗೆ ಹೋಗುವ ಅವಸರ ಇದ್ದಿರಬೇಕು. ನಮ್ಮದೂ ಅದೇ ಅವಸರ.

2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ನಮ್ಮ ಜಿಲ್ಲೆಯಲ್ಲಿ, ಬಾಗಲಕೋಟೆಯಲ್ಲಿ ಊರಿಗೆ ಊರೇ ನೀರಿನಲ್ಲಿ ನಿಂತಿದ್ದವು. ಗೋಕಾಕ, ರಾಮದುರ್ಗದ ಕಡೆಯ ನೆಂಟರಿಷ್ಟರ ಹೆಸರು ಹಿಡಿದು ನಾವು ಇದೇ ಸಭಾಂಗಣದಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸಿದೆವು. ಈ ಉಪನ್ಯಾಸಕ್ಕೆ ಸಿದ್ಧನಾಗುವಾಗ ಅಂದು ಇಲ್ಲಿದ್ದ ಕೆಲವರನ್ನು ಕೇಳಿದೆ: ಆಗ ಯಾರ್ಯಾರಿಗಾಗಿ ಏನೇನು ಬೇಡಿಕೊಂಡಿರಿ? ‘ನೀರು ಇಳಿಯಲಿ ಎಂದು’ ಎಂದರು. ಅಷ್ಟೇ ಉಳಿದಿತ್ತು. ಹೆಸರುಗಳು ಹೋಗಿದ್ದವು. ಮನೆ ಬಿದ್ದವರಲ್ಲಿ ಯಾರು ಮತ್ತೆ ಕಟ್ಟಿಕೊಂಡರು, ಯಾರು ಊರು ಬಿಟ್ಟರು, ಅದು ನಮ್ಮ ಪ್ರಾರ್ಥನೆಯ ಭಾಗವಾಗಿ ಉಳಿಯಲಿಲ್ಲ. ಒಂದು ನೋಟ್‌ಬುಕ್ ಇದ್ದಿದ್ದರೆ ಉಳಿಯುತ್ತಿತ್ತು.

ಈಗ ನನ್ನ ದೊಡ್ಡವ್ವನ ಮಾತು. ಈಕೆಯ ವಿಷಯ ಶುರು ಮಾಡಿದರೆ ನಾನು ಬೇಗ ನಿಲ್ಲಿಸುವುದಿಲ್ಲವೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತು, ದಯವಿಟ್ಟು ಸಹಿಸಿಕೊಳ್ಳಿ.

ದೊಡ್ಡವ್ವ ಗುಳೇದಗುಡ್ಡದವಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1851ರಲ್ಲಿ ಆ ಊರಿನಲ್ಲಿ ಕೇಂದ್ರ ತೆರೆದ ಮೇಲೆ ಸತ್ಯವೇದದ, ಅಂದರೆ ಬೈಬಲಿನ, ಜೊತೆಗೇ ಅಕ್ಷರ ಕಲಿತ ಮನೆತನ ಅದು. ಮನೆಯಲ್ಲಿ ಕೈಮಗ್ಗ, ನೇಯುವುದು ಖಣ, ಅಂದರೆ ಕುಪ್ಪಸದ ಬಟ್ಟೆ. ಸಾಹುಕಾರರ ಲೆಕ್ಕಕ್ಕೆ ಒಂದು ವಹಿ ಇತ್ತು. ಎಡಪುಟದಲ್ಲಿ ತಂದ ನೂಲು, ಬಲಪುಟದಲ್ಲಿ ನೇಯ್ದು ಕೊಟ್ಟ ಖಣ, ಎರಡೂ ಕಡೆ ತಾರೀಖು. ಅದರಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ದೊಡ್ಡವ್ವ ತನ್ನ ಪ್ರಾರ್ಥನೆಗಳನ್ನು ಬರೆಯತೊಡಗಿದಳು. ರೂಢಿಯಾಗಿದ್ದ ಹಾಗೆಯೇ: ಎಡಕ್ಕೆ ಕೇಳಿದ್ದು, ಬಲಕ್ಕೆ ಬಂದದ್ದು.

ಆ ವಹಿಯನ್ನು ನಾನು ಓದಿದ್ದೇನೆ. ಓದಿಸಿದ್ದೂ ಆಕೆಯೇ, ಕಣ್ಣಿಗೆ ಪೊರೆ ಬಂದ ಕಾಲದಲ್ಲಿ. ಎಡಪುಟ: ‘ಮಗ್ಗ ನಿಂತಿದೆ, ನೂಲು ಸಿಗಲಿ.’ ಬಲಪುಟ, ಐದು ದಿನದ ನಂತರ: ‘ಸಿಕ್ಕಿತು. ಕೇಳಿದಷ್ಟು ಇಲ್ಲ.’ ನೋಡಿ, ದೇವರಿಗೆ ಸುಳ್ಳು ರಸೀದಿ ಕೊಡುವ ಹೆಂಗಸಲ್ಲ. ಇನ್ನೊಂದು ಕಡೆ: ‘ಮಗ್ಗಲು ಮನೆಯವರ ಜಗಳ ತೀರಲಿ.’ ಬಲಕ್ಕೆ ಎಂಟು ತಿಂಗಳು ಏನೂ ಇಲ್ಲ. ಆಮೇಲೆ: ‘ತೀರಿತು. ನಾನೇ ಹೋಗಿ ಮಾತನಾಡಿದೆ.’ ಅದನ್ನು ಗಟ್ಟಿಯಾಗಿ ಓದಿದಾಗ ನಾನು ನಕ್ಕೆ. ‘ನಗುವುದೇನು? ಎಂಟು ತಿಂಗಳು ಆ ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು’ ಎಂದಳು. ಆ ಖಾಲಿ ಜಾಗವೇ ಅವಳನ್ನು ಎಬ್ಬಿಸಿ ಪಕ್ಕದ ಮನೆಗೆ ಕಳುಹಿಸಿತ್ತು. ಬರೆಯದೆ ಇದ್ದಿದ್ದರೆ ಎರಡು ವಾರದಲ್ಲಿ ಆ ಪ್ರಾರ್ಥನೆ ಸದ್ದಿಲ್ಲದೆ ನಿಂತುಹೋಗುತ್ತಿತ್ತು, ಜಗಳ ಮಾತ್ರ ಉಳಿಯುತ್ತಿತ್ತು.

ಇನ್ನೊಂದು ಪುಟವಿದೆ. ನನ್ನ ಸೋದರಮಾವ ಕಾಮಾಲೆಯಾಗಿ ಮಲಗಿದ್ದಾಗ ಬರೆದದ್ದು. ‘ತಮ್ಮ ಉಳಿಯಲಿ.’ ಬಲಪುಟದಲ್ಲಿ ಒಂದೇ ಪದ: ‘ಕೊಡಲಿಲ್ಲ.’ ಪಕ್ಕದಲ್ಲಿ ಆತ ತೀರಿಕೊಂಡ ತಾರೀಖು. ಮನೆಯ ಹಿರಿಯರೊಬ್ಬರಿಗೆ ಇದು ಸರಿ ಕಾಣಲಿಲ್ಲ. ದೇವರ ಮೇಲೆ ದೂರು ಬರೆದಂತಾಯಿತು, ಹೊಡೆದು ಹಾಕು ಎಂದರಂತೆ. ‘ಲೆಕ್ಕದ ವಹಿಯಲ್ಲಿ ಗೀಚುವ ಹಾಗಿಲ್ಲ’ ಎಂದು ದೊಡ್ಡವ್ವ ಪುಟ ತಿರುಗಿಸಿದಳಂತೆ. ಮರುದಿನದ ತಾರೀಖಿನಲ್ಲಿ ಎಡಪುಟದಲ್ಲಿ ಹೊಸ ಬೇಡಿಕೆ ಇದೆ: ತಮ್ಮನ ಹೆಂಡತಿಗಾಗಿ, ಮಕ್ಕಳಿಗಾಗಿ. ‘ಕೊಡಲಿಲ್ಲ’ ಎಂದು ಬರೆದ ಕೈಯೇ ಮರುದಿನ ಮತ್ತೆ ಕೇಳಿತು. ವಿಶ್ವಾಸದ ಬಗ್ಗೆ ನಾನು ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಆ ಎರಡು ಪುಟ ನನಗೆ ದೊಡ್ಡವು.

ಸಿಗದ ಉತ್ತರಗಳನ್ನು ಬರೆದಿಡಲು ನಮಗೆ ಭಯ. ಸತ್ಯವೇದಕ್ಕೆ ಆ ಭಯವಿಲ್ಲ. ಪೌಲನು ಶರೀರದಲ್ಲಿ ನಾಟಿದ ಶೂಲ ತೆಗೆಯಬೇಕೆಂದು ಮೂರು ಸಾರಿ ಬೇಡಿದನು. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಎರಡನ್ನೂ ಬಿಡದೆ ಬರೆದನು. 13ನೆಯ ಕೀರ್ತನೆ ಶುರುವಾಗುವುದೇ ‘ಎಷ್ಟರವರೆಗೆ’ ಎಂಬ ಪ್ರಶ್ನೆಯಿಂದ. ದಾವೀದನ ಹೆಸರಿನ ಆ ಪ್ರಶ್ನೆಯನ್ನು ಯಾರೂ ಅಳಿಸಿ ಹಾಕಲಿಲ್ಲ.

ತಾರೀಖಿನ ವಿಷಯಕ್ಕೆ ಬರುತ್ತೇನೆ. ನೋಟ್‌ಬುಕ್ ಇಟ್ಟವರಲ್ಲಿಯೂ ಹಲವರು ತಾರೀಖು ಹಾಕುವುದಿಲ್ಲ. ದೇವರಿಗೇಕೆ ತಾರೀಖು ಎನ್ನುತ್ತಾರೆ. ಸತ್ಯವೇದದಲ್ಲಿ ಪ್ರವಾದಿ ಹಗ್ಗಾಯನ ಪುಸ್ತಕ ತೆರೆದು ನೋಡಿ, ಎರಡೇ ಅಧ್ಯಾಯ. ದಾರ್ಯಾವೆಷ ರಾಜನ ಎರಡನೆಯ ವರ್ಷ, ಆರನೆಯ ತಿಂಗಳು, ಮೊದಲನೆಯ ದಿನ: ಮೊದಲ ವಾಕ್ಯದಲ್ಲಿಯೇ ತಾರೀಖು, ಮುಂದೆಯೂ ಮತ್ತೆ ಮತ್ತೆ ತಾರೀಖು. ದಾನಿಯೇಲನ 10ನೆಯ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟ. ಅವನು ಮೂರು ವಾರ ರುಚಿಯಾದ ಊಟ ಬಿಟ್ಟು ಶೋಕಿಸಿದನು. ಮೊದಲನೆಯ ತಿಂಗಳ 24ನೆಯ ದಿನ ದರ್ಶನವಾಯಿತು. ದರ್ಶನದಲ್ಲಿ ಬಂದ ದೂತನು ಹೇಳಿದ್ದೇನು? ನೀನು ಮನಸ್ಸಿಟ್ಟ ಮೊದಲ ದಿನವೇ ನಿನ್ನ ಬಿನ್ನಹ ಕೇಳಲ್ಪಟ್ಟಿತು, ದಾರಿಯಲ್ಲಿ 21 ದಿನ ತಡೆಯಾಯಿತು ಎಂದು. ಮೊದಲ ದಿನ ಯಾವುದೆಂದು ದಾನಿಯೇಲನಿಗೆ ಗೊತ್ತಿದ್ದುದರಿಂದಲೇ ಆ ಮಾತಿನಲ್ಲಿ ಅವನಿಗೆ ಸಮಾಧಾನವಿತ್ತು. ನಮ್ಮನ್ನು ಯಾರಾದರೂ ‘ಮೊದಲ ದಿನವೇ ಕೇಳಿದೆ’ ಎಂದರೆ, ಯಾವ ದಿನ ಎಂದು ನಾವೇ ತಿರುಗಿ ಕೇಳಬೇಕಾದೀತು.

ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಅವರ ಹೆಸರು ನಿಮಗೆ ಪರಿಚಿತ. 1836ರಲ್ಲಿ ಆ ಸೇವೆ ಆರಂಭಿಸಿದರು, ಜನರ ಮುಂದೆ ಹಣಕ್ಕಾಗಿ ಕೈಚಾಚಲಿಲ್ಲ, ದೇವರ ಮುಂದೆ ಕೇಳಿದ್ದನ್ನೂ ಸಿಕ್ಕಿದ್ದನ್ನೂ ಬರೆದಿಟ್ಟರು. 1844ರ ನವೆಂಬರ್‌ನಲ್ಲಿ ಐವರು ದೇವರ ಕಡೆಗೆ ತಿರುಗಬೇಕೆಂದು ದಿನವೂ ಪ್ರಾರ್ಥಿಸಲು ತೊಡಗಿದರು. ಒಂದೂವರೆ ವರ್ಷಕ್ಕೆ ಮೊದಲನೆಯವರು, ಅದಾಗಿ ಐದು ವರ್ಷಕ್ಕೆ ಎರಡನೆಯವರು, ಮತ್ತೆ ಆರು ವರ್ಷಕ್ಕೆ ಮೂರನೆಯವರು. 36 ವರ್ಷ ಕಳೆದಾಗಲೂ ಇನ್ನಿಬ್ಬರಿಗಾಗಿ ಬೇಡುತ್ತಲೇ ಇದ್ದರು. ಈ ಲೆಕ್ಕ ಇಂದು ನನ್ನ ಬಾಯಲ್ಲಿ ಬರುತ್ತಿರುವುದು ಅವರು ಆರಂಭಿಸಿದ ತಾರೀಖು ಉಳಿದಿರುವುದರಿಂದ. ಸಾವಿರಾರು ಮಕ್ಕಳ ಊಟದ ಚಿಂತೆಯ ನಡುವೆಯೂ ಆ ಮನುಷ್ಯ ಐದು ಹೆಸರುಗಳನ್ನು ಬಿಡಲಿಲ್ಲ.

ತಾರೀಖಿಲ್ಲದಿದ್ದರೆ ಮನಸ್ಸು ಏನು ಮಾಡುತ್ತದೆ ಗೊತ್ತೇ? ಸಿಕ್ಕಿದ್ದನ್ನೇ ಕೇಳಿದ್ದೆವು ಎಂದು ನಂಬಿಸುತ್ತದೆ. ಸರ್ಕಾರಿ ಕೆಲಸ ಕೇಳಿದವನಿಗೆ ಅಂಗಡಿ ಕೈಹಿಡಿದರೆ, ಹತ್ತು ವರ್ಷದ ಮೇಲೆ ಸಾಕ್ಷಿ ಹೇಳುವಾಗ ‘ಅಂಗಡಿಗಾಗಿ ಪ್ರಾರ್ಥಿಸಿದೆ’ ಎನ್ನುತ್ತಾನೆ. ಸುಳ್ಳು ಹೇಳುವ ಉದ್ದೇಶ ಅವನಿಗಿಲ್ಲ. ಆದರೆ ಕೇಳಿದ್ದನ್ನು ಬಿಟ್ಟು ಬೇರೆಯದನ್ನು, ಇನ್ನೂ ಒಳ್ಳೆಯದನ್ನು ದೇವರು ಕೊಟ್ಟರಲ್ಲ, ಆ ಕೆಲಸವೇ ಮರೆಯಾಗಿಬಿಡುತ್ತದೆ.

ಸಭಾಪಾಲಕರು ಗಡಿಯಾರ ನೋಡುತ್ತಿದ್ದಾರೆ. ಸರಿ, ಉಳಿದದ್ದನ್ನು ಬೇಗ ಹೇಳುತ್ತೇನೆ.

ನೀವು ಕೇಳುವ ಮೊದಲೇ ತಂದೆಗೆ ತಿಳಿದಿದೆ ಎಂದು ಯೇಸು ಸ್ವಾಮಿ ಹೇಳಿದ್ದಾರಲ್ಲ, ಬರೆಯುವುದೇಕೆ ಎಂದು ಒಬ್ಬ ತಮ್ಮ ಚೀಟಿ ಕಳುಹಿಸಿದ್ದಾನೆ. ತಂದೆಗೆ ತಿಳಿದಿದೆ ತಮ್ಮಾ, ಮರೆಯುವವರು ನಾವು. ಅದೇ ಅಧ್ಯಾಯದಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದೂ ಇದೆ. ಆದ್ದರಿಂದ ಈ ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಬೇರೆಯವರು ನಿಮ್ಮನ್ನು ನಂಬಿ ಹೇಳಿದ ಸಂಕಟವಿದ್ದರೆ ಹೆಸರಿನ ಮೊದಲ ಅಕ್ಷರ ಸಾಕು. ಅವರ ಪಾಪದ ವಿವರ ನಿಮ್ಮ ಪುಸ್ತಕದಲ್ಲಿ ಬೇಡ, ನಾಳೆ ಮೊಮ್ಮಕ್ಕಳು ಓದುತ್ತಾರೆ.

ಭಾಷೆ? ಈ ಸಭಾಂಗಣದಲ್ಲಿ ಕನ್ನಡ, ಮರಾಠಿ, ತಮಿಳು, ಕೊಂಕಣಿ ಮನೆಗಳವರಿದ್ದೀರಿ. ದುಃಖ ಬಂದಾಗ ಯಾವ ಭಾಷೆಯಲ್ಲಿ ಅಳುತ್ತೀರೋ ಅದರಲ್ಲಿ ಬರೆಯಿರಿ. ಕಾಗುಣಿತ ಯಾರೂ ತಿದ್ದುವುದಿಲ್ಲ. ಬರೆಯಲು ಬಾರದ ಅಜ್ಜಿಯಂದಿರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ; ಆ ಮಗುವಿಗೂ ಪ್ರಾರ್ಥನೆ ಕಲಿಸಿದಂತಾಗುತ್ತದೆ. ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆ ಬೇಡ, ಮನೆಯಲ್ಲಿ ಸದ್ದು ಕಡಿಮೆಯಾಗುವ ಹೊತ್ತು ನಿಮಗೇ ಗೊತ್ತು. ನಡುವೆ ವಾರಗಟ್ಟಲೆ ಬಿಟ್ಟುಹೋದರೆ ಹಳೆಯದನ್ನು ತುಂಬಿಸಲು ಹೋಗದೆ ಅಂದಿನಿಂದಲೇ ಮುಂದುವರಿಸಿ. ತಿಂಗಳಿಗೊಮ್ಮೆಯಾದರೂ ಹಿಂದಿನ ಎಡಪುಟಗಳನ್ನು ಓದಿ, ಬಲಕ್ಕೆ ಬರೆಯುವುದು ಬಂದಿದೆಯೇ ನೋಡಿ. ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನ ಕಡಿಮೆ.

ಯೆಹೂದದ ಅರಸ ಹಿಜ್ಕೀಯನ ಪತ್ರದ ಬಗ್ಗೆಯೂ ಮಾತನಾಡಬೇಕೆಂದಿದ್ದೆ, ಶತ್ರುವಿನ ಬೆದರಿಕೆ ಪತ್ರವನ್ನು ದೇವಾಲಯಕ್ಕೆ ಒಯ್ದು ಕರ್ತನ ಮುಂದೆ ಬಿಚ್ಚಿ ಇಟ್ಟವನು. ಎರಡನೆಯ ಅರಸುಗಳು, 19ನೆಯ ಅಧ್ಯಾಯ. ಮನೆಯಲ್ಲಿ ಓದಿಕೊಳ್ಳಿ. ಸ್ತ್ರೀ ಸಮಾಜದವರು ಬಾಗಿಲ ಬಳಿಯ ಮೇಜಿನ ಮೇಲೆ ನೋಟ್‌ಬುಕ್‌ಗಳನ್ನು ಇಟ್ಟಿದ್ದಾರೆ, ಮನೆಗೊಂದು. ಹಾಸಿಗೆ ಹಿಡಿದು ಇಲ್ಲಿಗೆ ಬರಲಾಗದವರ ಮನೆಗಳಿಗೆ ಯಾರು ತಲುಪಿಸುತ್ತೀರಿ? ಯುವಜನ ಕೂಟದವರು ಕೈ ಎತ್ತಿ, ಹೆಸರು ಬರೆದುಕೊಳ್ಳುತ್ತೇನೆ.