ಸ್ಟೆಡ್‌ಫಾಸ್ಟ್: ನೆಲೆ ಬಿಡದ ಪದ

ಕೇಳುಗರಿಗೆ ನಮಸ್ಕಾರ. ಗಟ್ಟಿತನವನ್ನು ಹೇಳುವ ಪದಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ: ಫರ್ಮ್, ಸ್ಟೆಡಿ, ಸ್ಟಾಂಚ್, ರೆಸೊಲ್ಯೂಟ್, ಅಡಮಂಟ್. ಇವುಗಳ ನಡುವೆ ತುಸು ಗಂಭೀರವಾಗಿ ನಿಂತಿರುವ ವಿಶೇಷಣವೊಂದಿದೆ, ಸ್ಟೆಡ್‌ಫಾಸ್ಟ್. ಅಚಲ, ಕದಲದ ಎಂದು ನಿಘಂಟು ಹೇಳುತ್ತದೆ. ಅದು ಸರಿಯೇ. ಆದರೆ ಅಷ್ಟನ್ನೇ ನಂಬಿ ಬಳಸಲು ಹೊರಟರೆ ಎಡವುತ್ತೇವೆ.

ಪದವನ್ನು ಒಡೆದು ನೋಡೋಣ. ‘ಸ್ಟೆಡ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಜಾಗ, ನೆಲೆ. ‘ಬದಲಿಗೆ’ ಎನ್ನುವ ಇನ್‌ಸ್ಟೆಡ್‌ನಲ್ಲಿ ಇರುವುದೂ ಇದೇ. ಒಬ್ಬರ ಜಾಗದಲ್ಲಿ ಇನ್ನೊಬ್ಬರು. ನಾವು ದಿನವೂ ಆಡುವ ಸ್ಥಿತಿ, ಸ್ಥಾನ, ಸ್ಥಿರ ಎಂಬ ಸಂಸ್ಕೃತ ಪದಗಳಿಗೂ ಇದಕ್ಕೂ ಬೇರು ಒಂದೇ, ‘ನಿಲ್ಲು’ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತು. ಇನ್ನು ‘ಫಾಸ್ಟ್’. ಇಲ್ಲಿ ವೇಗದ ಮಾತೇ ಇಲ್ಲ. ಬಿಗಿಯಾಗಿ ಕೂತದ್ದು ಎಂಬುದೇ ಅದರ ಹಳೆಯ ಅರ್ಥ. ಬಣ್ಣ ಬಿಡದ ಬಟ್ಟೆ ‘ಕಲರ್‌ಫಾಸ್ಟ್’. ಗಾಢ ನಿದ್ದೆಯಲ್ಲಿರುವವನು ‘ಫಾಸ್ಟ್ ಅಸ್ಲೀಪ್’. ಉಪವಾಸದ ಫಾಸ್ಟ್ ಕೂಡ ಇದೇ ಕುಲದ್ದು. ವೇಗ ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡು, ಈಗ ಮನೆಯ ಯಜಮಾನನಂತೆ ಕೂತಿದೆ!

ಹೀಗೆ, ಇದ್ದ ನೆಲೆಯಲ್ಲೇ ಬಿಗಿಯಾಗಿ ನಿಂತದ್ದು ಸ್ಟೆಡ್‌ಫಾಸ್ಟ್. ಹಾಗೆಂದು ಅಲುಗಾಡದ ಮೇಜಿಗೆ ಈ ಪದ ಹೊಂದದು. ಅದಕ್ಕೆ ಸ್ಟೆಡಿ ಎನ್ನಬೇಕು. ಒಂದೇ ಸಮನೆ ಸುರಿಯುವ ಮಳೆ, ಏರಿಳಿತವಿಲ್ಲದ ಬೆಲೆ ಇವೂ ಸ್ಟೆಡಿಯೇ. ಸ್ಟೆಡ್‌ಫಾಸ್ಟ್ ಇಂದು ಹೆಚ್ಚಾಗಿ ಮನಸ್ಸಿನ ಗುಣಕ್ಕೆ ಮೀಸಲು: ನಿಷ್ಠೆ, ಬೆಂಬಲ, ನಂಬಿಕೆ, ಗೆಳೆತನ. ಜೊತೆಗೆ ಎರಡು ಸಂಗತಿ ಬೇಕು, ಕಾಲ ಮತ್ತು ಒತ್ತಡ. ಯಾರೂ ವಿರೋಧಿಸದಿದ್ದಾಗ ಒಂದು ಸಭೆಯಲ್ಲಿ ಖಚಿತವಾಗಿ ಮಾತಾಡಿದವರನ್ನು ಫರ್ಮ್ ಎನ್ನಬಹುದು. ವರ್ಷಗಟ್ಟಲೆ ಎದುರುಗಾಳಿ ಬೀಸಿದರೂ ಮಾತು ಬದಲಿಸದವರಿಗೇ ಸ್ಟೆಡ್‌ಫಾಸ್ಟ್ ಒಪ್ಪುವುದು.

ಹೆಚ್ಚು ಜನ ತಪ್ಪುವುದು ಅಡಮಂಟ್ ಬಳಿ. ಅದರ ಹಿಂದಿರುವುದು ಗ್ರೀಕಿನ ‘ಅಡಮಾಸ್’, ಜಗ್ಗಿಸಲಾಗದ್ದು ಎಂದರ್ಥ. ವಜ್ರಕ್ಕೆ ಹೇಳುವ ಡೈಮಂಡ್ ಕೂಡ ಅಲ್ಲಿಂದಲೇ ಹೊರಟದ್ದು. ಒಂದು ಮಾತಿಗೆ, ಒಂದು ನಿರ್ಧಾರಕ್ಕೆ ಪಟ್ಟು ಹಿಡಿದವರು ಅಡಮಂಟ್. ಕನ್ನಡದ ಮಾತಿನಲ್ಲಿ ಅದು ಹಠಮಾರಿ ಎಂಬಲ್ಲಿಗೆ ಬಂದು ನಿಂತಿದೆ. ಇಂಗ್ಲಿಷಿನಲ್ಲಿ ಅಷ್ಟು ಬೈಗುಳವಲ್ಲ. ಬೈಯಲೇಬೇಕಿದ್ದರೆ ಸ್ಟಬರ್ನ್ ಇದೆ. ಸ್ಟೆಡ್‌ಫಾಸ್ಟ್‌ನಲ್ಲಾದರೋ ಮೆಚ್ಚುಗೆ ಬೆರೆತಿದೆ. ನಮ್ಮವರು ಬಗ್ಗದಿದ್ದರೆ ಸ್ಟೆಡ್‌ಫಾಸ್ಟ್, ಎದುರಾಳಿ ಬಗ್ಗದಿದ್ದರೆ ಸ್ಟಬರ್ನ್! ಸುದ್ದಿ ಬರೆಯುವವರು ಇದನ್ನು ಗಮನದಲ್ಲಿಡಬೇಕು, ಈ ವಿಶೇಷಣ ಹಾಕಿದೊಡನೆ ಪಕ್ಷ ವಹಿಸಿದಂತಾಗುತ್ತದೆ. ಆದರೆ ಕ್ರಿಯಾವಿಶೇಷಣ ಸ್ಟೆಡ್‌ಫಾಸ್ಟ್‌ಲಿ ಬೇರೆ ದಾರಿ ಹಿಡಿದಿದೆ. ‘ಸ್ಟೆಡ್‌ಫಾಸ್ಟ್‌ಲಿ ರಿಫ್ಯೂಸ್ಡ್’ ಎಂದಾಗ ಹೊಗಳಿಕೆ ತೆಳುವಾಗಿ, ಜಪ್ಪಯ್ಯ ಎಂದರೂ ಒಪ್ಪಲಿಲ್ಲ ಎಂಬಷ್ಟೇ ಉಳಿಯುತ್ತದೆ.

ವಾಕ್ಯದಲ್ಲಿ ಇದನ್ನು ನಾಮಪದದ ಮುಂದೆ ನೇರವಾಗಿ ಇಡಬಹುದು: ಸ್ಟೆಡ್‌ಫಾಸ್ಟ್ ಸಪೋರ್ಟ್. ಕ್ರಿಯಾಪದ ಬೇಕಾದರೆ ‘ರಿಮೇನ್’ ಚೆನ್ನಾಗಿ ಹೊಂದುತ್ತದೆ. ಯಾವುದರಲ್ಲಿ ಅಚಲ ಎಂದು ಹೇಳಲು ‘ಇನ್’ ಸೇರಿಸಿ: ಸ್ಟೆಡ್‌ಫಾಸ್ಟ್ ಇನ್ ಹರ್ ಬಿಲೀಫ್. ಹೋಲಿಸುವಾಗ ಮುಂದೆ ‘ಮೋರ್’ ಬರಬೇಕು. ಬಾಲಕ್ಕೆ ‘ಅರ್’ ಅಂಟಿಸಿ ಸ್ಟೆಡ್‌ಫಾಸ್ಟರ್ ಮಾಡಬೇಡಿ.

ಕನ್ನಡಕ್ಕೆ ತರುವಾಗ ಎಲ್ಲ ಕಡೆಯೂ ‘ಅಚಲ’ ಎಂದು ಬರೆಯುವುದು ಸೋಮಾರಿತನ. ನಂಬಿಕೆಗೆ ಅಚಲ ಒಪ್ಪುತ್ತದೆ. ‘ಸ್ಟೆಡ್‌ಫಾಸ್ಟ್ ಫ್ರೆಂಡ್’ ಎಂಬುದನ್ನು ಅಚಲ ಗೆಳೆಯ ಎಂದರೆ ನಗು ಬರುತ್ತದೆ. ಕಷ್ಟದಲ್ಲೂ ಕೈಬಿಡದ ಗೆಳೆಯ ಎನ್ನಿ. ‘ಸ್ಟೆಡ್‌ಫಾಸ್ಟ್ ಗೇಜ಼್’ ಎಂಬುದಕ್ಕೆ ಎವೆಯಿಕ್ಕದ ನೋಟ ಎಂಬ ಸೊಗಸಾದ ಮಾತು ನಮ್ಮಲ್ಲೇ ಇದೆ.

ಕೊನೆಗೆ ಕಾಗುಣಿತದ ಮಾತು. ಸ್ಟೆಡಿ ಎಂಬ ಪದದ ನೆನಪಿನಲ್ಲಿ ನಡುವೆ ‘ವೈ’ ಅಕ್ಷರ ತೂರಿಸುವವರಿದ್ದಾರೆ. ಅದು ಬೇಡ. ಎಸ್-ಟಿ-ಇ-ಎ-ಡಿ, ಅದಕ್ಕೆ ಅಂಟಿಕೊಂಡೇ ಎಫ್-ಎ-ಎಸ್-ಟಿ. ನಡುವೆ ಜಾಗವೂ ಇಲ್ಲ, ಅಡ್ಡಗೆರೆಯೂ ಇಲ್ಲ. ಹಳೆಯ ಮುದ್ರಣಗಳಲ್ಲಿ ಮೊದಲ ‘ಎ’ ಇಲ್ಲದ ರೂಪ ಕಂಡರೆ ಅಚ್ಚಿನ ದೋಷವೆಂದು ತಿದ್ದಲು ಹೋಗಬೇಡಿ. ಆ ಕಾಲಕ್ಕೆ ಹಾಗೂ ಬರೆಯುತ್ತಿದ್ದರು. ಉಚ್ಚಾರದಲ್ಲಿ ಒತ್ತು ಬೀಳುವುದು ಮೊದಲ ತುಂಡಿನ ಮೇಲೆ. ನಮಸ್ಕಾರ.