ಪಿನ್ನಿಗೊಂದು ಗ್ರೀಸ್, ಬೇರಿಂಗಿಗೊಂದು ಗ್ರೀಸ್

ಎಲ್ಲಾ ಕೇಳುಗರಿಗೂ ನಮಸ್ಕಾರ. ಜೆಸಿಬಿ, ಹಿಟಾಚಿ, ಜಲ್ಲಿ ಕ್ರಷರ್ ಇಟ್ಕೊಂಡಿರೋ ಓನರ್‌ಗಳು, ಆಪರೇಟರ್‌ಗಳು, ಮೆಕ್ಯಾನಿಕ್‌ಗಳು, ಗ್ರೀಸ್ ಗನ್ ಹಿಡ್ಕೊಂಡು ಓಡಾಡೋ ಹೆಲ್ಪರ್ ಹುಡುಗ್ರು ಯಾರಾದ್ರೂ ರೇಡಿಯೋ ಹತ್ರ ಇದ್ರೆ ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡ್ಕೊಳ್ಳಿ, ಇವತ್ತಿನ ಮಾತು ನಿಮಗೇನೇ.

ಅಂಗಡಿಗೆ ಹೋಗಿ ನಾವು ಕೇಳೋದು ಹೆಂಗೆ? "ಒಂದು ಬಕೆಟ್ ಗ್ರೀಸ್ ಕೊಡಿ, ಒಳ್ಳೇದು ನೋಡಿ ಕೊಡಿ" ಅಂತ. ಸ್ವಲ್ಪ ತಿಳ್ಕೊಂಡೋರು ಕೆಂಪುದು ಕೊಡಿ, ನೀಲಿದು ಕೊಡಿ ಅಂತಾರೆ. ಬಣ್ಣ ಅನ್ನೋದು ಕಂಪನಿಯೋರು ಬೆರೆಸೋ ಡೈ ಅಷ್ಟೇ ಕಣ್ರೀ, ಒಂದು ಕಂಪನಿ ಕೆಂಪಿಗೂ ಇನ್ನೊಂದು ಕಂಪನಿ ಕೆಂಪಿಗೂ ಸಂಬಂಧಾನೇ ಇರಲ್ಲ. ಕಪ್ಪಗಿದ್ರೆ ಒಳಗೆ ಮಾಲಿಬ್ಡಿನಮ್ಮೋ ಗ್ರಾಫೈಟೋ ಇರಬಹುದು ಅನ್ನೋ ಗುಮಾನಿ ಪಡಬಹುದು, ಆದ್ರೆ ಎಷ್ಟಿದೆ ಅಂತ ಬಣ್ಣ ಹೇಳಲ್ಲ.

ಗ್ರೀಸ್ ಅಂದ್ರೆ ಏನು ಅನ್ನೋದನ್ನ ಮೊದ್ಲು ನೋಡಣ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರೋದು ಎಣ್ಣೆ, ಸವೆತ ತಡೆಯೋ ಕೆಲ್ಸ ಮಾಡೋದೂ ಆ ಎಣ್ಣೇನೇ, ಉಳಿದಿದ್ದು ಎಣ್ಣೆ ಹರಿದು ಹೋಗದ ಹಾಗೆ ಹಿಡ್ಕೊಂಡಿರೋ ಒಂಥರಾ ಸೋಪು, ಜೊತೆಗೆ ಒಂಚೂರು ಕೆಮಿಕಲ್ಸು. ನಮ್ಮಲ್ಲಿ ಜಾಸ್ತಿ ಓಡೋದು ಲಿಥಿಯಂ ಸೋಪಿನ ಗ್ರೀಸು, ಆ ಸೋಪಿಗೆ ಬೇಕಾದ ಆಸಿಡ್ ಬರೋದು ಎಲ್ಲಿಂದ ಗೊತ್ತಾ, ಹರಳೆಣ್ಣೆಯಿಂದ! ನಮ್ಮ ತಾತಂದಿರು ಎತ್ತಿನ ಗಾಡಿ ಅಚ್ಚಿಗೆ ಹರಳೆಣ್ಣೇಲಿ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಅಂತ ಹಾಕ್ತಿದ್ರಲ್ಲ, ಅದೇ ಹರಳು ಈಗ ಫ್ಯಾಕ್ಟರಿ ಸುತ್ತಿಕೊಂಡು ಡ್ರಮ್ಮಲ್ಲಿ ವಾಪಸ್ ಬರ್ತಿದೆ.

ಈಗ ಬಕೆಟ್ ಮೇಲೆ ಇಪಿ 2 ಅಂತಾನೋ ಎಪಿ 3 ಅಂತಾನೋ ಬರೆದಿರುತ್ತೆ. ಇಪಿ ಅಂದ್ರೆ ಭಾರೀ ಒತ್ತಡ ತಡೆಯೋ ಕೆಮಿಕಲ್ ಸೇರಿಸಿರೋದು. ಆ ಎರಡು, ಮೂರು ಅನ್ನೋದು ಎನ್‌ಎಲ್‌ಜಿಐ ನಂಬರು, ಗ್ರೀಸ್ ಎಷ್ಟು ಗಟ್ಟಿ ಅನ್ನೋದಕ್ಕೆ. ಲ್ಯಾಬಲ್ಲಿ 25 ಡಿಗ್ರೀಲಿ ಒಂದು ಲೋಹದ ಕೋನ್ ಬಿಟ್ಟು ಐದು ಸೆಕೆಂಡಲ್ಲಿ ಎಷ್ಟು ಆಳಕ್ಕೆ ಇಳಿಯುತ್ತೆ ನೋಡ್ತಾರೆ, 26.5ರಿಂದ 29.5 ಮಿಲಿಮೀಟರ್ ಒಳಗಿದ್ರೆ ಅದು ನಂಬರ್ 2. ಅಷ್ಟೇ ಅದರ ಅರ್ಥ. ಬಹಳ ಜನ ಬೆರಳಲ್ಲಿ ತಗೊಂಡು ಉಜ್ಜಿ ನೋಡಿ "ಇದು ದಪ್ಪ ಇದೆ, ಲೋಡ್ ತಡ್ಕೊಳ್ಳುತ್ತೆ" ಅಂತಾರೆ, ಅಲ್ಲೇ ಎಡವೋದು. ಲೋಡ್ ತಡೆಯೋದು ಸೋಪಿನ ಗಟ್ಟಿತನ ಅಲ್ಲ, ಒಳಗಿರೋ ಎಣ್ಣೆಯ ದಪ್ಪ, ಅಂದ್ರೆ ಬೇಸ್ ಆಯಿಲ್ ವಿಸ್ಕಾಸಿಟಿ. ಎರಡು ಬಕೆಟ್ಟೂ ನಂಬರ್ 2 ಆಗಿದ್ದು ಒಂದರೊಳಗೆ 100 ವಿಸ್ಕಾಸಿಟಿಯ ತೆಳು ಎಣ್ಣೆ, ಇನ್ನೊಂದರೊಳಗೆ 460ರ ದಪ್ಪ ಎಣ್ಣೆ ಇರಬಹುದು, ಬೆರಳಿಗೆ ಎರಡೂ ಒಂದೇ ಥರ! ಇದು ಬಕೆಟ್ ಮೇಲೆ ಇರೋದು ಕಮ್ಮಿ, ಡೇಟಾ ಶೀಟಲ್ಲಿ 40 ಡಿಗ್ರಿಗೆ ಇಷ್ಟು ಸೆಂಟಿಸ್ಟೋಕ್ಸ್ ಅಂತ ಹಾಕಿರ್ತಾರೆ, ಅಂಗಡಿಯವ್ರಿಗೆ ಹೇಳಿದ್ರೆ ವಾಟ್ಸಾಪಲ್ಲಿ ಕಳಿಸ್ತಾರೆ, ಕಳಿಸಲ್ಲ ಅಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ.

ಯಾಕೆ ಇಷ್ಟೊಂದು ಒತ್ತಿ ಹೇಳ್ತೀನಿ ಅಂದ್ರೆ ನಮ್ಮ ಮಷೀನುಗಳಲ್ಲಿ ಎರಡು ಬೇರೆ ಬೇರೆ ಥರದ ಕೆಲ್ಸ ನಡೀತಿರುತ್ತೆ, ನಾವು ಒಂದೇ ಡ್ರಮ್ಮಿಂದ ಎರಡಕ್ಕೂ ಬಳೀತೀವಿ. ಎಕ್ಸ್‌ಕವೇಟರ್ ಬಕೆಟ್ ಪಿನ್ ತಗೊಳ್ಳಿ, ಅಂದ್ರೆ ಮಣ್ಣು ಅಗೆಯೋ ಬಕೆಟ್ಟನ್ನ ತೋಳಿಗೆ ಜೋಡಿಸೋ ದಪ್ಪ ಕಬ್ಬಿಣದ ಕೀಲು. ಅದು ಪೂರ್ತಿ ಸುತ್ತೋದೇ ಇಲ್ಲ, ಒಂದಿಷ್ಟು ಹಿಂದಕ್ಕೆ ಒಂದಿಷ್ಟು ಮುಂದಕ್ಕೆ ನಿಧಾನಕ್ಕೆ ತಿರುಗುತ್ತೆ, ಮೇಲಿಂದ ಟನ್‌ಗಟ್ಟಲೆ ಭಾರ. ಸ್ಪೀಡ್ ಇದ್ರೆ ತಾನೇ ಎಣ್ಣೆ ಮಧ್ಯಕ್ಕೆ ಎಳಕೊಂಡು ಪದರ ಕಟ್ಟೋದು, ಇಲ್ಲಿ ಸ್ಪೀಡೇ ಇಲ್ಲ, ಹಾಗಾಗಿ ಪಿನ್ನೂ, ಅದು ಕೂರೋ ಬಳೆ ಅಂದ್ರೆ ಬುಷ್ಷೂ ನೇರ ತಾಗ್ತಾನೇ ಇರುತ್ವೆ. ಇಂಥ ಕಡೆ ಎಣ್ಣೆ ದಪ್ಪ ಇರಬೇಕು, 460 ಅಥವಾ ಅದಕ್ಕಿಂತ ಮೇಲೆ, ಜೊತೆಗೆ ಮಾಲಿ, ಅಂದ್ರೆ ಮಾಲಿಬ್ಡಿನಮ್ ಡೈಸಲ್ಫೈಡ್, 3ರಿಂದ 5 ಪರ್ಸೆಂಟ್ ಇರಬೇಕು. ಎಣ್ಣೆ ಹಿಂಡಿ ಆಚೆ ಹೋದ್ರೂ ಆ ಕಪ್ಪು ಪುಡಿ ಲೋಹಕ್ಕೆ ಅಂಟ್ಕೊಂಡು ಉಳಿಯುತ್ತೆ.

ಪಿನ್ನಿಗೆ ಗ್ರೀಸ್ ಹೊಡೆಯೋದ್ರಲ್ಲಿ ಇನ್ನೊಂದು ಲಾಭ ಇದೆ, ಧೂಳು ಆಚೆ ತಳ್ಳೋದು. ಸಂಡೂರು, ಹೊಸಪೇಟೆ ಕಡೆ ಅದಿರು ಧೂಳಲ್ಲಿ ಕೆಲ್ಸ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ಆ ಕೆಂಪು ಧೂಳು ಕಬ್ಬಿಣದ ಆಕ್ಸೈಡು, ಚಿನ್ನಕ್ಕೆ ಪಾಲಿಶ್ ಕೊಡೋಕೆ ಬಳಸೋ ರೂಜ್ ಪುಡೀನೂ ಅದೇ ಜಾತಿ, ಬುಷ್ ಒಳಗೆ ಹೋಗಿ ಗ್ರೀಸ್ ಜೊತೆ ಸೇರಿದ್ರೆ ಹಗಲು ರಾತ್ರಿ ಉಜ್ತಾನೇ ಇರುತ್ತೆ. ಅದಕ್ಕೇ ಪಿನ್ನಿನ ಅಂಚಲ್ಲಿ ಹೊಸ ಗ್ರೀಸ್ ಕಾಣೋವರೆಗೂ ಹೊಡೀಬೇಕು, ಅಲ್ಲಿ ಸುತ್ತ ನಿಂತ್ಕೊಳ್ಳೋ ಗ್ರೀಸನ್ನ ವೇಸ್ಟ್ ಅಂತ ಒರೆಸಬೇಡಿ, ಧೂಳು ತಡೆಯೋ ಬೇಲಿ ಅದು. ಆದ್ರೆ ನಿಪ್ಪಲ್, ಅಂದ್ರೆ ಗನ್ ಕೂರಿಸೋ ಬಾಯಿ, ಅದನ್ನ ಮಾತ್ರ ಹೊಡೆಯೋ ಮುಂಚೆ ಬಟ್ಟೇಲಿ ಒರೆಸಿ, ಇಲ್ಲಾಂದ್ರೆ ನಿಪ್ಪಲ್ ಮೇಲಿನ ಮಣ್ಣನ್ನ ನೀವೇ ಒಳಕ್ಕೆ ಪಂಪ್ ಮಾಡಿದಂಗೆ. ಬಕೆಟ್ ನೆಲಕ್ಕೆ ಇಳಿಸಿ ಭಾರ ಬಿಡಿಸಿ ಹೊಡೀರಿ, ಸ್ವಲ್ಪ ಆಡಿಸಿ ಇಂಜಿನ್ ಆಫ್ ಮಾಡಿ ಮತ್ತೆ ಹೊಡೀರಿ, ಲೋಡ್ ಬೀಳೋ ಪಕ್ಕಕ್ಕೂ ಗ್ರೀಸ್ ಹೋಗುತ್ತೆ. ದಿನಕ್ಕೊಂದು ಸಲ ಅಂತ ಮ್ಯಾನುಯಲ್ ಹೇಳಿದ್ರೆ ಅದು ಒಣ ಮಣ್ಣಿಗೆ ಅಂದ್ಕೊಳ್ಳಿ, ಕೆರೆ ಹೂಳು ಎತ್ತೋವಾಗ ಶಿಫ್ಟಲ್ಲಿ ಎರಡು ಸಲ ಆದ್ರೂ ಬೇಕು. ಪ್ಲೇ ಬಂದು, ಅಂದ್ರೆ ಸಡಿಲ ಆಗಿ, ಬುಷ್ ಕೂರೋ ತೂತೇ ಮೊಟ್ಟೆ ಆಕಾರ ಆಯ್ತು ಅಂದ್ರೆ ವೆಲ್ಡಿಂಗ್ ಮಾಡಿಸಿ ತೂತನ್ನ ಮತ್ತೆ ಗುಂಡಗೆ ಕೊರೆಸೋ ಲೈನ್ ಬೋರಿಂಗ್, ಆ ಬಿಲ್ಲಿನ ಮುಂದೆ ಗ್ರೀಸ್ ದುಡ್ಡು ಯಾವ ಲೆಕ್ಕ.

ಇನ್ನು ಬೇರಿಂಗು. ಕ್ರಷರ್ ಓಡಿಸೋ ಮೋಟರ್ ನಿಮಿಷಕ್ಕೆ ಸುಮಾರು 1500 ಸುತ್ತು, ಅಲ್ಲಿ ಬಾಲು, ರೋಲರು ಉರುಳಿಕೊಂಡು ಹೋಗಬೇಕು. ಅಲ್ಲಿಗೆ ಈ 460ರ ಮಾಲಿ ಗ್ರೀಸ್ ತುರುಕಿದ್ರೆ ರೋಲರ್ ಉರುಳೋ ಬದಲು ಜಾರೋಕೂ ಶುರು ಮಾಡಬಹುದು, ದಪ್ಪ ಎಣ್ಣೆ ಕಲಕೋದಕ್ಕೇ ಬಿಸಿ ಏರುತ್ತೆ. ಮೋಟರಿಗೆ 100ರ ಆಸುಪಾಸಿನ ಎಣ್ಣೆ ಇರೋದು ಸಾಕು, ಜಾ ಕ್ರಷರಿನ ದೊಡ್ಡ ರೋಲರ್ ಬೇರಿಂಗಿಗೆ ಸ್ಪೀಡ್ ಕಮ್ಮಿ, ಏಟು ಜಾಸ್ತಿ, ಅಲ್ಲಿ 220 ಅಥವಾ ಮೇಲಿನ ಇಪಿ ಗ್ರೀಸ್.

ಬೇರಿಂಗಲ್ಲಿ ಪಿನ್ನಿನ ರೂಲ್ಸ್ ಉಲ್ಟಾ, ಆಚೆ ಬರೋವರೆಗೂ ಹೊಡೀತೀನಿ ಅಂದ್ರೆ ಕೆಡ್ತು. ತುಂಬಿ ತುಳುಕೋ ಬೇರಿಂಗ್ ಕೆಸರುಗದ್ದೆ ಓಟದಲ್ಲಿ ಓಡೋ ಹುಡುಗನ ಥರ, ಶಕ್ತಿ ಎಲ್ಲಾ ಕೆಸರು ತುಳಿಯೋದ್ರಲ್ಲೇ ಹೋಗುತ್ತೆ. ಲೆಕ್ಕ ಸುಲಭ ಇದೆ ಬರ್ಕೊಳ್ಳಿ: ಬೇರಿಂಗ್ ಹೊರ ವ್ಯಾಸ ಮಿಲಿಮೀಟರಲ್ಲಿ, ಅದರ ಅಗಲ ಮಿಲಿಮೀಟರಲ್ಲಿ, ಎರಡನ್ನೂ ಗುಣಿಸಿ 0.005ರಿಂದ ಗುಣಿಸಿದ್ರೆ ಒಂದು ಸಲಕ್ಕೆ ಎಷ್ಟು ಗ್ರಾಂ ಅಂತ ಬರುತ್ತೆ. 6312 ಬೇರಿಂಗ್ ಅಂದ್ರೆ 130 ಹೊರ ವ್ಯಾಸ, 31 ಅಗಲ, ಸುಮಾರು 20 ಗ್ರಾಂ. ನಿಮ್ಮ ಗನ್ ಒಂದು ಹೊಡೆತಕ್ಕೆ ಎಷ್ಟು ಗ್ರಾಂ ಬಿಡುತ್ತೆ ಅಂತ ಗೊತ್ತಿರಬೇಕಲ್ಲ, ಹತ್ತು ಸಲ ಪೇಪರ್ ಮೇಲೆ ಹೊಡೆದು ಕಿರಾಣಿ ಅಂಗಡಿ ತಕ್ಕಡೀಲಿ ತೂಗಿಸ್ಕೊಂಡು ಬನ್ನಿ, ನಕ್ಕರೆ ನಗಲಿ. ಬಿಸಿನೂ ಗಮನಿಸಿ, ಬೇರಿಂಗ್ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್ ಆಯಸ್ಸು ಅರ್ಧ ಆಗುತ್ತೆ ಅಂತ ಲೆಕ್ಕ.

ಅಂದ್ರೆ ಎಲ್ರೂ ಎರಡು ಡ್ರಮ್ ಇಡಬೇಕಾ? ಒಂದೇ ಜೆಸಿಬಿ ಇಟ್ಕೊಂಡೋರಿಗೆ ನಿಪ್ಪಲ್‌ಗಳಲ್ಲಿ ಬಹುಪಾಲು ಪಿನ್ನಿನವೇ, ಪಿನ್ನಿನ ಗ್ರೀಸಿಗೆ ದುಡ್ಡು ಹಾಕಿ. ಕ್ರಷರ್ ಇರೋರು ಮಾತ್ರ ಎರಡು ಗನ್ ಇಡಲೇಬೇಕು, ಗನ್ನಿಗೆ ಬೇರೆ ಬೇರೆ ಪೇಂಟ್ ಹೊಡೆದುಬಿಡಿ, ಬಣ್ಣ ಉಪಯೋಗಕ್ಕೆ ಬರೋ ಜಾಗ ಅದೊಂದೇ.

ಉಳಿ ಬಡಿದು ಬಂಡೆ ಒಡೆಯೋ ಬ್ರೇಕರ್ ಓಡಿಸೋರದ್ದು ಬೇರೇನೇ ಕಥೆ. ಉಳಿಗೂ ಬುಷ್ಷಿಗೂ ಮಧ್ಯೆ ಎಷ್ಟು ಬಿಸಿ ಅಂದ್ರೆ ಮಾಮೂಲಿ ಗ್ರೀಸ್ ಕರಗಿ ಉಳಿ ಮೇಲೆ ಸೋರಿಹೋಗುತ್ತೆ, ಅದಕ್ಕೆ ತಾಮ್ರ, ಗ್ರಾಫೈಟ್ ಪುಡಿ ಬೆರೆಸಿರೋ ಚಿಸೆಲ್ ಪೇಸ್ಟ್ ಅಂತಾನೇ ಸಿಗುತ್ತೆ. ಹೊಡೆಯೋವಾಗ ಬ್ರೇಕರ್ ನೆಟ್ಟಗೆ ನಿಲ್ಲಿಸಿ ಉಳೀನ ನೆಲಕ್ಕೆ ಒತ್ತಿ ಹಿಡಿದಿರಬೇಕು. ಗಾಳೀಲಿ ನೇತಾಡಿಸಿಕೊಂಡು ಹೊಡೆದ್ರೆ ಗ್ರೀಸ್ ಉಳಿ ತಲೆ ಮೇಲೆ ಸೇರ್ಕೊಳ್ಳುತ್ತೆ, ಪಿಸ್ಟನ್ ಬಂದು ಅದರ ಮೇಲೆ ಬಡಿದ್ರೆ ಸೀಲ್ ಹೋಗುತ್ತೆ.

ಕರಾವಳಿ, ಮಲೆನಾಡಿನ ಮಳೆ, ಮರಳು, ಉಪ್ಪು ಗಾಳಿ ಇರೋ ಕಡೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಕೇಳಿ ನೋಡಿ, ನೀರಿಗೆ ಬೇಗ ತೊಳೆದು ಹೋಗಲ್ಲ, ತುಕ್ಕೂ ತಡೆಯುತ್ತೆ. ರೇಟ್ ಜಾಸ್ತಿ ಹೌದು, ಆದ್ರೆ ಬ್ಯಾಟರಿ ಗಾಡಿಗಳಿಗೆ ಅಂತ ಲಿಥಿಯಂಗೆ ಬೇಡಿಕೆ ಏರಿದಾಗ, 2021-22ರಲ್ಲಿ, ಲಿಥಿಯಂ ಗ್ರೀಸ್ ರೇಟೂ ಏರಿತ್ತು.

ಆದ್ರೆ ಬದಲಾಯಿಸೋವಾಗ ಹಳೇದ್ರ ಮೇಲೆ ಹೊಸದು ಹಾಕಿಬಿಡಬೇಡಿ. ಮೋಟರ್ ಬೇರಿಂಗಲ್ಲಿ ಫ್ಯಾಕ್ಟರಿಯಿಂದ ಪಾಲಿಯೂರಿಯಾ ಗ್ರೀಸ್ ಬಂದಿರಬಹುದು, ಅದಕ್ಕೆ ಲಿಥಿಯಂ ಸೇರಿದ್ರೆ ಎರಡೂ ತೆಳ್ಳಗಾಗಿ ಹರಿದು ಹೋಗೋ ಸಾಧ್ಯತೆ ಜಾಸ್ತಿ, ಬೆಂಟೋನೈಟ್ ಜೇಡಿ ಗ್ರೀಸಿಗೂ ಬೇರೆಯವಕ್ಕೂ ಸಾಮಾನ್ಯವಾಗಿ ಆಗಿ ಬರಲ್ಲ. ಬೇರಿಂಗ್ ಆದ್ರೆ ಬಿಚ್ಚಿ ತೊಳೆದು, ಒಣಗಿಸಿ ಹೊಸದು ತುಂಬಿ. ಪಿನ್ ಆದ್ರೆ ಹಳೇದೆಲ್ಲ ಆಚೆ ಬರೋವರೆಗೂ ಹೊಡೀರಿ, ಮುಂದಿನ ಒಂದು ವಾರ ದಿನಕ್ಕೆ ಒಂದರ ಬದಲು ಎರಡು ಸಲ ಹೊಡೀರಿ, ಗನ್ನಿನ ಪೈಪಲ್ಲಿ ಉಳಿದಿರೋ ಹಳೇ ಗ್ರೀಸನ್ನೂ ಮರೀದೆ ಮೊದಲು ಖಾಲಿ ಮಾಡಿ. ನಮಸ್ಕಾರ.